ಮಂಗಳವಿಲ್ಲದ ಆಟ

ನಮ್ಮ ಕಡೆ ಯಕ್ಷಗಾನಕ್ಕೆ ಆಟ ಎನ್ನುತ್ತೇವೆ. ಪುತ್ತೂರಿನ ಹತ್ತಿರದ ನಮ್ಮೂರಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಎದ್ದಿತೆಂದರೆ ಅಜ್ಜನ ಕಂಕುಳಲ್ಲಿ ಒಂದು ಚಾಪೆ, ನನ್ನ ಕೈಯಲ್ಲಿ ಒಂದು ಟಾರ್ಚು. ಗುಡ್ಡದಾಚೆಯಿಂದ ಆಟದ ಕರೆಯಾದ ಕೇಳಿ ಬಡಿಯುವ ಸದ್ದು ಬಂದ ಕೂಡಲೇ ಹೊರಟುಬಿಡುತ್ತಿದ್ದೆವು. ಕೋಡಂಗಿ, ಬಾಲಗೋಪಾಲರು ಕುಣಿಯುವವರೆಗೆ ನನಗೆ ಎಚ್ಚರ. ದೇವಿ ಮಹಾತ್ಮೆಯ ದಿನವಾದರೆ, ಬ್ರಹ್ಮ ವಿಷ್ಣುಗಳ ಅರ್ಥ ಉದ್ದವಾಗುತ್ತ ಹೋದಂತೆ ಕಣ್ಣು ಎಳೆಯುತ್ತಿತ್ತು. "ಅಜ್ಜ, ಮಹಿಷಾಸುರ ಬರುವಾಗ ಎಬ್ಬಿಸಿ, ಆಯ್ತಾ" ಎಂದು ಹೇಳಿ ಚಾಪೆಯಲ್ಲೇ ಮಲಗುತ್ತಿದ್ದೆ. ನಡುರಾತ್ರಿ ಕಳೆದು, ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಮಹಿಷಾಸುರ ಅಬ್ಬರಿಸುತ್ತ ಬರುವಾಗ ಅಜ್ಜ ಭುಜ ಅಲುಗಿಸುತ್ತಿದ್ದರು. ಮತ್ತೆ ನಿದ್ದೆ. ಪೂರ್ವದಲ್ಲಿ ಬೆಳಕು ಬರುವ ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಿದ್ದರು. ಚಾಪೆ ಸುತ್ತಿ, ಇಬ್ಬನಿ ತುಳಿಯುತ್ತ ಮನೆಗೆ. ಆಮೇಲೆ ಒಂದು ವಾರ ಅಂಗಳದಲ್ಲಿ ಅಡಿಕೆ ಸುಲಿಯುವವರ ಬಾಯಲ್ಲೆಲ್ಲ ಅದೇ ಆಟದ ಮಾತು.

ಇದನ್ನು ನೆನಪಿಸಿದ್ದು ನನ್ನ ದೊಡ್ಡಪ್ಪನ ಮಗ. ಕಳೆದ ಫೆಬ್ರವರಿಯಲ್ಲಿ ನಮ್ಮ ತೋಟದ ಪಂಪಿನ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತಿತ್ತು. ಕಾರಣ ತಿಳಿಯಲೆಂದು ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ಒಂದು ವಿಡಿಯೊ ಹುಡುಕಿದೆ. ಏಳು ನಿಮಿಷದ ವಿಡಿಯೊ, ಚೆನ್ನಾಗಿ ಹೇಳಿದ್ದರು. ಓವರ್‌ಲೋಡ್ ರಿಲೇಯ ತೊಂದರೆ ಎಂದು ಅರ್ಥವಾಯಿತು. ನನ್ನ ಕೆಲಸ ಹತ್ತೂಕಾಲಿನ ಒಳಗೆ ಮುಗಿದಿತ್ತು. ಆದರೆ ಅದರ ಕೆಳಗೆ ಬಾವಿ ತೋಡುವ ವಿಡಿಯೊ ಇತ್ತು. ಅದು ಮುಗಿಯುವಷ್ಟರಲ್ಲಿ ತುಕ್ಕು ಹಿಡಿದ ಕತ್ತಿಯನ್ನು ಉಜ್ಜಿ ಹೊಳಪಿಸುವುದು ತಾನಾಗಿ ಶುರುವಾಯಿತು. ಆಮೇಲೆ ಕಂಬಳದ ತುಣುಕು, ಯಾರದೋ ಮನೆಯ ಗೃಹಪ್ರವೇಶ, ಯಾವುದೋ ದೇಶದಲ್ಲಿ ಹಿಮ ಸರಿಸುವ ರೈಲು. ಫೋನ್ ಕೆಳಗಿಟ್ಟಾಗ ಗಂಟೆ ಒಂದೂ ನಲವತ್ತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ ಎರಡು ಸಲ ನೀರು ಕೇಳಿದ್ದರಂತೆ. ಕೊನೆಗೆ ಅವರೇ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಕುಡಿದು ಬಂದಿದ್ದರು. "ಕರೆದೆ, ನಿನಗೆ ಕೇಳಿಸಲಿಲ್ಲ" ಎಂದಷ್ಟೇ ಬೆಳಿಗ್ಗೆ ಹೇಳಿದರು. ಎಂಬತ್ತು ದಾಟಿದ ಜೀವ, ಮೊಣಕಾಲು ಬಗ್ಗುವುದಿಲ್ಲ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ದೊಡ್ಡಪ್ಪನ ಮಗನಾದ ಆ ಅಣ್ಣನಿಗೆ ಇದನ್ನು ಹೇಳಿಕೊಂಡೆ. ಅವನ ಉತ್ತರ ಸಿದ್ಧವಿತ್ತು: "ನಿನಗೆ ಮನಸ್ಸು ಗಟ್ಟಿ ಇಲ್ಲ ಮಾರಾಯ. ಬೇಡ ಅಂದರೆ ಬೇಡ, ಅಷ್ಟೆ. ಅಜ್ಜನ ಕಾಲದಲ್ಲೂ ರಾತ್ರಿಯಿಡೀ ಆಟ ನೋಡುತ್ತಿರಲಿಲ್ಲವಾ? ಅವರೇನು ಹಾಳಾದರಾ?"

ಈ ಎರಡು ಮಾತಿನಲ್ಲಿ ಇವತ್ತು ಎಲ್ಲೆಡೆ ಚಾಲ್ತಿಯಲ್ಲಿರುವ ಅಭಿಪ್ರಾಯ ಪೂರ್ತಿಯಾಗಿದೆ. ಶಾಲೆಯ ವಾರ್ಷಿಕೋತ್ಸವದ ಅತಿಥಿಗಳು, ಪ್ರವಚನಕಾರರು, ಪತ್ರಿಕೆಯ ಮನೋವಿಕಾಸದ ಅಂಕಣಗಳು, ಮನೆಯ ಹಿರಿಯರು ಹೇಳುವುದೆಲ್ಲ ಇದೇ. ಫೋನ್ ಒಂದು ಸಾಧನ, ಬಳಸುವವನ ಬುದ್ಧಿಯಂತೆ ಅದರ ಫಲ. ಸಂಯಮವಿದ್ದವನಿಗೆ ತೊಂದರೆಯಿಲ್ಲ, ಇಲ್ಲದವನು ಕಲಿತುಕೊಳ್ಳಬೇಕು. ಕೇಳಲು ಇದು ಹಿತವಾಗಿದೆ, ನಮ್ಮ ಸಂಸ್ಕಾರಕ್ಕೂ ಒಗ್ಗುತ್ತದೆ. ಇದು ಸುಳ್ಳು ಎಂದು ನಾನು ಹೇಳುತ್ತಿದ್ದೇನೆ. ಈ ಸುಳ್ಳಿನಿಂದ ಲಕ್ಷಾಂತರ ಮನೆಗಳಲ್ಲಿ ಜನ ತಮ್ಮನ್ನೇ ಹಳಿದುಕೊಂಡು ಕೊರಗುತ್ತಿದ್ದಾರೆ, ಕಾರಣರಾದವರ ಹೆಸರು ಯಾರ ಬಾಯಲ್ಲೂ ಬರುತ್ತಿಲ್ಲ.

ಮೊದಲು 'ನೋಡುವುದು ಬಿಡುವುದು ನಿನ್ನ ಆಯ್ಕೆ' ಎಂಬ ಮಾತನ್ನೇ ತೆಗೆದುಕೊಳ್ಳೋಣ. 2018ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಮ್ಮೇಳನವೊಂದರಲ್ಲಿ ಯೂಟ್ಯೂಬ್‌ನ ಅಂದಿನ ಉತ್ಪನ್ನ ವಿಭಾಗದ ಮುಖ್ಯಸ್ಥ, ಈಗ ಕಂಪನಿಯ ಮುಖ್ಯಸ್ಥರೇ ಆಗಿರುವ ನೀಲ್ ಮೋಹನ್, ಜನ ಅಲ್ಲಿ ಕಳೆಯುವ ಸಮಯದಲ್ಲಿ ಶೇ. 70ಕ್ಕೂ ಹೆಚ್ಚು ಭಾಗ ಕಂಪನಿಯ ಶಿಫಾರಸು ಯಂತ್ರ ತೋರಿಸಿದ್ದನ್ನು ನೋಡುವುದರಲ್ಲೇ ಹೋಗುತ್ತದೆ ಎಂದಿದ್ದರು. ಅದನ್ನು ಅವರು ಹೇಳಿದ್ದು ತಮ್ಮ ಯಂತ್ರದ ಹೆಗ್ಗಳಿಕೆಯಾಗಿ. ಹತ್ತು ಗಂಟೆ ನೋಡಿದರೆ ಏಳು ಗಂಟೆಯದ್ದು ನಾನು ಕೇಳಿ ಪಡೆದದ್ದಲ್ಲ, ನನ್ನ ಮುಂದೆ ತಂದಿಟ್ಟದ್ದು. ಊಟಕ್ಕೆ ಕುಳಿತವನು ಸಾಕು ಎಂದು ಕೈ ಅಡ್ಡ ಹಿಡಿಯುವ ಮೊದಲೇ ಬಡಿಸಿಬಿಟ್ಟು, ತಿಂದದ್ದು ನಿನ್ನ ಇಷ್ಟ ಎಂದರೆ ಆ ಮಾತಿಗೆ ಏನು ಬೆಲೆ?

ಆ ಬಡಿಸುವಿಕೆಗೆ ಒಂದು ಚರಿತ್ರೆಯೇ ಇದೆ. ವಿಡಿಯೊವನ್ನು ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದೇ ಮುಖ್ಯ ಎಂದು ಯೂಟ್ಯೂಬ್ ತನ್ನ ಲೆಕ್ಕ ಬದಲಿಸಿದ್ದು 2012ರಲ್ಲಿ. ಅದೇ ಹೊತ್ತಿಗೆ ಕಂಪನಿ ತನಗೊಂದು ಗುರಿ ಹಾಕಿಕೊಂಡಿತು: ಜಗತ್ತಿನ ಜನ ದಿನಕ್ಕೆ ನೂರು ಕೋಟಿ ಗಂಟೆ ನೋಡಬೇಕು. 2016ರಲ್ಲಿ ಆ ಗುರಿ ಮುಟ್ಟಿತು. ನೂರು ಕೋಟಿ ಗಂಟೆಯನ್ನು ವರ್ಷಕ್ಕೆ ತಿರುಗಿಸಿ ನೋಡಿ, ಒಂದು ಲಕ್ಷದ ಹದಿನಾಲ್ಕು ಸಾವಿರ ವರ್ಷವಾಗುತ್ತದೆ. ಒಂದೊಂದು ದಿನವೂ ಅಷ್ಟು ಮನುಷ್ಯಾಯುಷ್ಯ. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ 2015ರಲ್ಲಿ ಬಂತು. ಅದಕ್ಕೂ ಮೊದಲು, 2006ರಲ್ಲಿ, ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ತಳವೇ ಇಲ್ಲದ ಪುಟವನ್ನು ರೂಪಿಸಿದ್ದ. ಬೆರಳಿನಿಂದ ಸರಿಸಿದಷ್ಟೂ ಬರುವ ಇಂದಿನ ಸ್ಕ್ರಾಲ್ ಅದೇ. ಹಾಗೆ ಮಾಡಿದ್ದಕ್ಕೆ ಆತ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ತಮ್ಮ ಕಂಪನಿಯ ಪೈಪೋಟಿ ಜನರ ನಿದ್ದೆಯೊಂದಿಗೆ ಎಂಬರ್ಥದ ಮಾತನ್ನು ಸಂಕೋಚವಿಲ್ಲದೆ ಆಡಿದರು. ಇವರ್ಯಾರೂ ಗುಟ್ಟು ಮಾಡಿಲ್ಲ. ಅವರು ಹೇಳಿದ್ದನ್ನು ನಂಬದೆ ನಮ್ಮ ಮಕ್ಕಳ ಮನಸ್ಸು ಗಟ್ಟಿಯಿಲ್ಲ ಎಂದುಕೊಂಡವರು ನಾವು.

ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿ, ಸಹೋದ್ಯೋಗಿಯ ಜೊತೆ 1957ರಲ್ಲಿ ದೊಡ್ಡ ಪುಸ್ತಕ ಬರೆದ. ಲೆಕ್ಕವಿಟ್ಟು ಇಂತಿಷ್ಟು ಸಲ ಕುಟುಕಿದರೆ ಕಾಳು ಎಂದಾದರೆ ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲ, ಒಮ್ಮೆ ಎರಡನೆಯ ಸಲಕ್ಕೆ, ಒಮ್ಮೆ ಐವತ್ತನೆಯ ಸಲಕ್ಕೆ ಎಂದಾದರೆ ಬಿಡದೆ ಕುಟುಕುತ್ತಲೇ ಇರುತ್ತದೆ. ರೀಲ್ಸ್ ಸರಿಸುವ ಹೆಬ್ಬೆರಳನ್ನು ಗಮನಿಸಿ. ಹತ್ತರಲ್ಲಿ ಎಂಟು ಸಪ್ಪೆ, ಒಂದೋ ಎರಡೋ ನಗಿಸುತ್ತವೆ. ಅವು ಎಷ್ಟನೆಯದಾಗಿ ಬರುತ್ತವೆ ಎಂದು ತಿಳಿಯದ ಕಾರಣಕ್ಕೇ ಬೆರಳು ನಿಲ್ಲುವುದಿಲ್ಲ. ಪಾರಿವಾಳಕ್ಕೆ ಸಂಯಮ ಬೋಧಿಸಲು ಸ್ಕಿನ್ನರ್ ಹೋಗಲಿಲ್ಲ, ಪೆಟ್ಟಿಗೆಯ ಏರ್ಪಾಡನ್ನು ಬದಲಿಸುತ್ತಿದ್ದ.

ನಮ್ಮ ದೇಶದ ಪೆಟ್ಟಿಗೆಯ ಏರ್ಪಾಡು ಬದಲಾದದ್ದು 2016ರ ಸೆಪ್ಟೆಂಬರ್ 5ರಂದು, ಜಿಯೋ ಬಂದಾಗ. ಮೊದಲ ತಿಂಗಳುಗಳಲ್ಲಿ ನೆಟ್ ಉಚಿತ, ಆಮೇಲೆ ತೀರ ಅಗ್ಗ. ಅಲ್ಲಿಯವರೆಗೆ ಒಂದು ಜಿಬಿಯನ್ನು ತಿಂಗಳಿಡೀ ಹಿಡಿದು ಹಿಡಿದು ಬಳಸುತ್ತಿದ್ದ ಜನಕ್ಕೆ ದಿನಕ್ಕೆ ಒಂದು ಜಿಬಿ, ಒಂದೂವರೆ ಜಿಬಿ ಎಂಬ ಪ್ಯಾಕುಗಳು ಬಂದವು. ಅಗ್ಗದ ನೆಟ್ ಬಡವನಿಗೆ ದಕ್ಕಿದ್ದನ್ನು ನಾನು ಹಳಿಯಲಾರೆ. ಆದರೆ ದಿನದ ಲೆಕ್ಕದ ಈ ಪ್ಯಾಕ್ ಜನರ ಮನಸ್ಸಿಗೆ ಏನು ಮಾಡಿತು ನೋಡಿ. ಇವತ್ತಿನದು ಇವತ್ತೇ ಮುಗಿಯಬೇಕು, ನಾಳೆಗೆ ಉಳಿಯುವುದಿಲ್ಲ. ಉಳಿಸಿದರೆ ನಷ್ಟ. ರಾತ್ರಿ ಹನ್ನೊಂದಕ್ಕೆ "ಇನ್ನೂ ಅರ್ಧ ಜಿಬಿ ಇದೆ" ಎನ್ನುವ ಹುಡುಗರನ್ನು ನಾನು ನಮ್ಮ ಪೇಟೆಯ ಬಸ್ ತಂಗುದಾಣದಲ್ಲೇ ಕಂಡಿದ್ದೇನೆ. ಹನ್ನೆರಡಕ್ಕೆ ಹೊಸ ಡೇಟಾ ಬರುತ್ತದೆ. ಅಂದರೆ ಮಲಗಬೇಕಾದ ಹೊತ್ತಿಗೇ ಬಟ್ಟಲು ತುಂಬುತ್ತದೆ. ವೊಡಾಫೋನ್ ಐಡಿಯಾ ಕಂಪನಿಯಂತೂ 2021ರಲ್ಲಿ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಮಿತಿಯಿಲ್ಲದ ಡೇಟಾ ಎಂದು ಪ್ಯಾಕ್ ಮಾರಿತು. ಇಂಥ ಮಾರಾಟ ನಡೆಯುತ್ತಿರುವ ಊರಿನಲ್ಲಿ ನಿದ್ದೆಗೆಟ್ಟ ಹುಡುಗನನ್ನು ಮಾತ್ರ ಹಿಡಿದು ಬುದ್ಧಿ ಹೇಳುವುದು ನ್ಯಾಯವೇ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಚೀನಾ ಗಡಿಯ ಗಲಾಟೆ, ದೇಶದ ಭದ್ರತೆ. ಆದರೂ, ಸಂಯಮವಾದಿಗಳ ಮಾತು ಪರೀಕ್ಷೆಗೆ ನಿಲ್ಲುವ ಗಳಿಗೆ ಅದಾಗಿತ್ತು. ಕೋಟಿಗಟ್ಟಲೆ ಜನರ ಕೈಯಿಂದ ಒಂದೇ ರಾತ್ರಿಯಲ್ಲಿ ಗೀಳು ಕಿತ್ತುಹೋಗಿತ್ತು. ಜನ ಸುಮ್ಮನೆ ಇದ್ದುಬಿಡಲು ಬಿಟ್ಟರೇ? ಜುಲೈ ತಿಂಗಳಲ್ಲೇ ಇನ್‌ಸ್ಟಾಗ್ರಾಂ ಭಾರತಕ್ಕೆ ರೀಲ್ಸ್ ತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಜಗತ್ತಿನಲ್ಲೇ ಮೊದಲು ಪ್ರಯೋಗಕ್ಕೆ ಇಳಿಸಿದ್ದು ಇಲ್ಲಿ, ನಮ್ಮ ಮೇಲೆ. ಮೂರು ತಿಂಗಳಿನೊಳಗೆ ಖಾಲಿ ಜಾಗ ತುಂಬಿತ್ತು. ಜನರ ಮನೋಬಲ ಆ ಮೂರು ತಿಂಗಳಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬದಲಾದದ್ದು ಬಡಿಸುವವರು.

ಇನ್ನು ಅಣ್ಣನ ಎರಡನೆಯ ಮಾತು: ಹಿಂದೆಯೂ ಹೀಗೇ ಇತ್ತು, ಪ್ರತಿ ಕಾಲದಲ್ಲೂ ಹಿರಿಯರು ಹೊಸದನ್ನು ಬೈದಿದ್ದಾರೆ. ಓದಿಕೊಂಡವರು ಇದನ್ನೇ ಹೆಚ್ಚು ಹೇಳುತ್ತಾರೆ. ಕಾದಂಬರಿ ಓದುವ ಹೆಣ್ಣುಮಕ್ಕಳು ಕೆಡುತ್ತಾರೆ ಎಂದವರಿದ್ದರು, ಸಿನಿಮಾ ನೋಡಿದರೆ ಪೋಲಿಗಳಾಗುತ್ತಾರೆ ಎಂದವರಿದ್ದರು, 1987ರಲ್ಲಿ ದೂರದರ್ಶನದ ರಾಮಾಯಣಕ್ಕೆ ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾದಾಗ ದೇಶ ಸೋಮಾರಿಯಾಯಿತು ಎಂದವರೂ ಇದ್ದರು. ಅವರೆಲ್ಲ ತಪ್ಪಾಗಿದ್ದರು, ಆದ್ದರಿಂದ ನೀವೂ ತಪ್ಪು ಎಂಬುದು ಈ ವಾದದ ದಾರಿ.

ಅವರು ತಪ್ಪಾಗಿದ್ದರು ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಎಲ್ಲದರಲ್ಲಿ ಇದ್ದ ಒಂದು ಸಂಗತಿ ಇದರಲ್ಲಿ ಇಲ್ಲ. ತ್ರಿವೇಣಿಯವರ ಕಾದಂಬರಿಗೆ ಕೊನೆಯ ಪುಟವಿತ್ತು. ಬಾಡಿಗೆ ಪುಸ್ತಕದ ಅಂಗಡಿಗೆ ಅದನ್ನು ಹಿಂದಿರುಗಿಸಿ ಇನ್ನೊಂದು ತರಲು ಎದ್ದು ನಡೆಯಬೇಕಿತ್ತು, ನಡೆಯುವ ದಾರಿಯಲ್ಲಿ ಮನಸ್ಸು ಓದಿದ್ದನ್ನು ಮೆಲುಕು ಹಾಕುತ್ತಿತ್ತು. ರಾಮಾಯಣದ ಕಂತು ಮುಗಿದರೆ ಮುಂದಿನ ಭಾನುವಾರದವರೆಗೆ ಕಾಯಬೇಕು. ಟೆಂಟ್ ಸಿನಿಮಾದಲ್ಲಿ ದೀಪ ಹತ್ತುತ್ತಿತ್ತು, ಜನ ಎದ್ದು ಹೋಗುತ್ತಿದ್ದರು.

ಆಟದ ವಿಷಯಕ್ಕೇ ಬರುತ್ತೇನೆ, ಅಣ್ಣ ಎತ್ತಿದ್ದು ಅದನ್ನೇ ತಾನೆ. ಇಡೀ ರಾತ್ರಿಯ ಆಟ ಯಾವ ವಿಡಿಯೊ ಗೀಳಿಗಿಂತಲೂ ದೀರ್ಘ, ನಿಜ. ಆದರೆ ಅದರ ರಚನೆಯನ್ನು ನೋಡಿ. ಕೇಳಿ ಬಡಿದು, ಬರುತ್ತಿದ್ದೇವೆ ಎಂದು ಊರಿಗೇ ಹೇಳಿ ಶುರುಮಾಡುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯಾಗುತ್ತದೆ, ಪೂರ್ವರಂಗವಾಗುತ್ತದೆ, ಆಮೇಲೆ ಪ್ರಸಂಗ. ನಡುವೆ ಮಲಗಲು ಎಡೆಯಿದೆ, ಎದ್ದು ಚರುಮುರಿ ತಿನ್ನಲು ಎಡೆಯಿದೆ. ಬಣ್ಣದ ವೇಷ ಬರುವಾಗ ಚೆಂಡೆಯೇ ಎಬ್ಬಿಸುತ್ತದೆ. ಬೆಳಗಾಗುವಾಗ ಮಂಗಳ. ರಾತ್ರಿಗೆ ಒಂದು ಕೊನೆ ಇರುವಂತೆಯೇ ಊರೂರು ಸುತ್ತುವ ಮೇಳದ ತಿರುಗಾಟಕ್ಕೂ ಒಂದು ಕೊನೆಯಿದೆ. ಮೇ ತಿಂಗಳ 24, 25ರ ಸುಮಾರಿಗೆ, ತುಳು ತಿಂಗಳು ಬೇಶದ ಹತ್ತನೆಯ ದಿನ ಪತ್ತನಾಜೆ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಲಾವಿದರಿಗೂ ವಿಶ್ರಾಂತಿ, ನೋಡುವವರಿಗೂ ವಿಶ್ರಾಂತಿ. ಯಾವ ಪ್ರೇಕ್ಷಕನೂ ತನ್ನ ಸಂಯಮದಿಂದ ಆಟವನ್ನು ಮುಗಿಸಿದವನಲ್ಲ. ಮುಗಿಸುವ ಹೊಣೆ ಭಾಗವತರದು, ಮೇಳದ್ದು, ಪಂಚಾಂಗದ್ದು. ನಮ್ಮ ಅಜ್ಜನಿಗೆ ನನಗಿಂತ ಗಟ್ಟಿ ಮನಸ್ಸಿತ್ತೋ ಏನೋ ನನಗೆ ಗೊತ್ತಿಲ್ಲ. ಅದನ್ನು ಪರೀಕ್ಷೆ ಮಾಡುವ ಸಂದರ್ಭವೇ ಅವರಿಗೆ ಬರಲಿಲ್ಲ.

ನನ್ನ ಫೋನಿನಲ್ಲಿ ಆ ಹೊಣೆಯನ್ನು ನನ್ನ ತಲೆಗೆ ಕಟ್ಟಲಾಗಿದೆ. ಮುಗಿಸುವ ಕೆಲಸ ನನ್ನದು. ಅದೂ ರಾತ್ರಿ ಹನ್ನೊಂದಕ್ಕೆ, ದಿನದ ದುಡಿಮೆ ಮುಗಿದ ಮೇಲೆ, ತಲೆ ಓಡದ ಹೊತ್ತಿಗೆ. ಎದುರಿಗೆ ನಿಂತಿರುವುದು ಎಂದೂ ದಣಿಯದ ಯಂತ್ರ. ಅದು ನಾನು ಎಲ್ಲಿ ನಿಂತೆ, ಯಾವುದನ್ನು ಎರಡು ಸಲ ನೋಡಿದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡಿದೆ. ಈ ಜಟಾಪಟಿಯಲ್ಲಿ ಸೋತವನನ್ನು ದುರ್ಬಲ ಎನ್ನುವವರು ಎಂದಾದರೂ ಗೆದ್ದವರನ್ನು ಎಣಿಸಿ ನೋಡಿದ್ದಾರೆಯೇ?

ಇನ್ನೊಂದು ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. "ದಿನವಿಡೀ ದುಡಿದವರು ಒಂದಿಷ್ಟು ನೋಡಿಕೊಳ್ಳಲಿ ಬಿಡಿ, ಅವರಿಗಿರುವ ಸುಖವೇ ಅಷ್ಟು" ಎನ್ನುವುದು ಕರುಣೆಯ ಮಾತು. ನಮ್ಮ ಮನೆಯ ಹತ್ತಿರ ಒಬ್ಬಾಕೆ ಇದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಮನೆಯ ಅಡುಗೆ ಮುಗಿಸಿ, ಗೇರುಬೀಜದ ಕಾರ್ಖಾನೆಗೆ ಹೋಗಿ, ಸಂಜೆ ಬಂದು ಮತ್ತೆ ಅಡುಗೆ, ಪಾತ್ರೆ, ಅತ್ತೆಯ ಔಷಧಿ. ಎಲ್ಲರೂ ಮಲಗಿದ ಮೇಲೆ ಹತ್ತೂವರೆಗೆ ಅವಳ ಸ್ವಂತ ಹೊತ್ತು ಶುರು. ಒಂದು ಗಂಟೆಯವರೆಗೂ ಫೋನಿನಲ್ಲಿ ಸೀರೆ, ರಂಗೋಲಿ, ಯಾರ್ಯಾರದೋ ಸಂಸಾರದ ಜಗಳ. "ಅಕ್ಕಾ, ಆ ಹೊತ್ತು ಮಾತ್ರ ಯಾರೂ ನನ್ನನ್ನು ಕರೆಯುವುದಿಲ್ಲ" ಎಂದು ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದಳು. ಕೇಳಿ ಕರುಳು ಚುರುಕ್ ಎಂದಿತು. ಇವಳಿಗೆ ಸಂಯಮದ ಪಾಠ ಹೇಳಲು ಯಾರಿಗೆ ಬಾಯಿ ಬರುತ್ತದೆ? ಇಡೀ ದಿನ ಅವಳು ಬದುಕುವುದೇ ಸಂಯಮದಲ್ಲಿ.

ಆದರೆ ಅದು ಅವಳಿಗೆ ವಿಶ್ರಾಂತಿ ಕೊಡುತ್ತಿದೆಯೇ ಎಂದು ಕೇಳಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದವಳ ಕಣ್ಣು ಕೆಂಪು. ರಾತ್ರಿ ಏನು ನೋಡಿದೆ ಎಂದರೆ ಒಂದೂ ನೆನಪಿಲ್ಲ. ಅವಳಿಗೆ ಬೇಕಿದ್ದದ್ದು ಅರ್ಧ ಗಂಟೆಯ ಏಕಾಂತ ಮತ್ತು ಆರು ಗಂಟೆಯ ನಿದ್ದೆ. ಸಿಕ್ಕಿದ್ದು ಎರಡೂವರೆ ಗಂಟೆಯ ಸರಿಸುವಿಕೆ. ಅವಳು ಹೆಚ್ಚು ದಣಿದಷ್ಟೂ ನಿಲ್ಲಿಸುವ ಶಕ್ತಿ ಕಡಿಮೆ, ನಿಲ್ಲಿಸುವ ಶಕ್ತಿ ಕಡಿಮೆಯಾದಷ್ಟೂ ಕಂಪನಿಗೆ ಜಾಹೀರಾತಿನ ಲಾಭ. ಬಡವರ ಏಕೈಕ ಸುಖ ಎಂದು ಇದನ್ನು ಸಮರ್ಥಿಸುವ ಸ್ನೇಹಿತರಿಗೆ ನಾನು ಕೇಳುವುದಿಷ್ಟೆ: ಅವಳ ನಿದ್ದೆಯನ್ನು ಕೊಂಡವರು ಅವಳಿಗೆ ಎಷ್ಟು ಕೊಟ್ಟರು? ಅವಳಿಗೆ ಬೇಕಿದ್ದ ಅರ್ಧ ಗಂಟೆಯಲ್ಲೇ ಮುಗಿಯುವ ಒಂದು ಒಳ್ಳೆಯ ಕಥೆ ತೋರಿಸಿ "ಇವತ್ತಿಗೆ ಸಾಕು, ಮಲಗಿ" ಎನ್ನುವುದು ಯಂತ್ರಕ್ಕೆ ಅಸಾಧ್ಯವೇನಲ್ಲ. ಹಾಗೆ ಹೇಳಿದರೆ ಲಾಭ ಇಳಿಯುತ್ತದೆ, ಅಷ್ಟೆ.

ನಾನು ವಿಡಿಯೊದ ವೈರಿಯಲ್ಲ. ಸ್ಟಾರ್ಟರ್ ಸರಿಯಾದದ್ದು ಒಂದು ವಿಡಿಯೊದಿಂದಲೇ. ಕಸಿ ಕಟ್ಟುವುದನ್ನು ಕಲಿತ ಕೃಷಿಕರು, ಕೋಚಿಂಗಿಗೆ ದುಡ್ಡಿಲ್ಲದೆ ಸಿಇಟಿಗೆ ಫೋನಿನಲ್ಲೇ ಪಾಠ ಕೇಳಿದ ಮಕ್ಕಳು, ತೀರಿಹೋದ ಭಾಗವತರ ಪದಗಳನ್ನು ದುಬೈಯಲ್ಲಿ ಕುಳಿತು ಕೇಳುವ ನಮ್ಮೂರಿನವರು, ಇವರ ಕೈಯಿಂದ ಅದನ್ನು ಕಸಿಯಬೇಕೆಂದು ನಾನು ಹೇಳುವುದಿಲ್ಲ. ಹುಡುಕಿ ನೋಡಿದ್ದಕ್ಕೂ ಬಂದದ್ದನ್ನು ನೋಡಿದ್ದಕ್ಕೂ ನಡುವೆ ಒಂದು ಗೆರೆಯಿದೆ. ನನ್ನ ಆ ರಾತ್ರಿಯಲ್ಲಿ ಅದು ಹತ್ತೂಕಾಲಿಗೆ ಬಿದ್ದಿತ್ತು. ಆ ಗೆರೆಯನ್ನು ಅಳಿಸುವುದೇ ಆಟೋಪ್ಲೇಯ ಕೆಲಸ.

ಕಂಪನಿಗಳು ತಾವೂ ಕಾಳಜಿ ವಹಿಸಿದ್ದೇವೆ ಎನ್ನುತ್ತವೆ. ಸ್ವಲ್ಪ ವಿರಾಮ ತೆಗೆದುಕೊಳ್ಳಿ ಎಂಬ ನೆನಪೋಲೆ 2018ರಿಂದ ಯೂಟ್ಯೂಬ್‌ನಲ್ಲಿದೆ. ದೊಡ್ಡವರಿಗೆ ಅದು ತಾನಾಗಿ ಬರುವುದಿಲ್ಲ, ಹುಡುಕಿ ಹಾಕಿಕೊಳ್ಳಬೇಕು. ಹಾಕಿಕೊಂಡರೂ ಒಂದು ಸಲ ಒತ್ತಿದರೆ ಸರಿದುಹೋಗುತ್ತದೆ. ಮುಂದುವರಿಯುವುದಕ್ಕೆ ಮಾತ್ರ ಏನನ್ನೂ ಒತ್ತಬೇಕಾಗಿಲ್ಲ. 2021ರಲ್ಲಿ 18 ವರ್ಷದೊಳಗಿನವರಿಗೆ ಆಟೋಪ್ಲೇಯನ್ನು ಮೊದಲೇ ಆರಿಸಿಡುವ ಏರ್ಪಾಡು ಮಾಡಿದರು. ಅಂದರೆ ಅದು ಹಾನಿ ಮಾಡಬಲ್ಲದು ಎಂಬುದು ಅವರಿಗೆ ತಿಳಿದಿದೆ. ಹದಿನೆಂಟು ತುಂಬಿದ ಮರುದಿನ ಆ ಹಾನಿ ಎಲ್ಲಿಗೆ ಹೋಗುತ್ತದೆ? ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. 2023ರಿಂದ, ಯೂಟ್ಯೂಬ್‌ನಲ್ಲಿ ನೋಡಿದ್ದರ ಇತಿಹಾಸವನ್ನು ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿಬಿಟ್ಟರೆ ಮುಖಪುಟ ಖಾಲಿಯಾಗುತ್ತದೆ. ಹುಡುಕುವ ಪಟ್ಟಿಯೊಂದು ಮಾತ್ರ ಉಳಿಯುತ್ತದೆ. ಬೇಕಾದದ್ದನ್ನು ಕೇಳಿ ನೋಡು, ಇಲ್ಲದಿದ್ದರೆ ಸುಮ್ಮನಿರು ಎನ್ನುವ ಪುಟ ಅದು. ನಾನು ಮಾಡಿದ್ದೇನೆ, ನಿಜವಾಗಿಯೂ ಖಾಲಿಯಾಯಿತು. ಸುಮ್ಮನಿರುವುದು ಆ ಯಂತ್ರಕ್ಕೆ ಬರುತ್ತದೆ ಎಂದಾಯಿತಲ್ಲ. ಹಾಗಿದ್ದರೆ ಎಲ್ಲರಿಗೂ ಮೊದಲಿನಿಂದಲೇ ಹಾಗೇಕೆ ಇಡಬಾರದು? ಬೇಕಾದವರು ಶಿಫಾರಸನ್ನು ಹಚ್ಚಿಕೊಳ್ಳಲಿ.

ನಮ್ಮ ಕಾನೂನಿನ ವಿಚಿತ್ರವನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಅದರಿಂದಲೂ, ಜನರ ಬಿಡುವು ಕಡಿಮೆಯಾದದ್ದರಿಂದಲೂ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಬಂದವು. ಮಲಗುವವರ ನಿದ್ದೆ ಕೆಡಬಾರದು ಎಂಬ ಕಾಳಜಿಯನ್ನು ನಾನು ಗೌರವಿಸುತ್ತೇನೆ. ವರ್ಷಕ್ಕೊಮ್ಮೆ ಊರಿಗೆ ಬಂದು, ಬೆಳಿಗ್ಗೆ ತಾನಾಗಿ ಮಂಗಳ ಹಾಡಿ ಹೋಗುವ ಆಟಕ್ಕೆ ಗಂಟೆ ನಿಗದಿ ಮಾಡಿದ ಅದೇ ವ್ಯವಸ್ಥೆ, ವರ್ಷದ ಮುನ್ನೂರ ಅರವತ್ತೈದು ರಾತ್ರಿಯೂ ಪ್ರತಿ ದಿಂಬಿನ ಕೆಳಗೆ ನಡೆಯುವ ಈ ಆಟಕ್ಕೆ ಗಂಟೆ ನಿಗದಿ ಮಾಡಿಲ್ಲ. ಒಂದರ ಗದ್ದಲ ಹೊರಗೆ ಕೇಳುತ್ತದೆ, ಇನ್ನೊಂದರದು ಕೇಳುವುದಿಲ್ಲ ಎಂಬುದಷ್ಟೇ ಕಾರಣವೇ?

ಕಾನೂನು ಏನೂ ಮಾಡಲಾಗದು ಎನ್ನುವವರಿಗೆ ಮೂರು ಉದಾಹರಣೆ. ಚೀನಾದಲ್ಲಿ ಟಿಕ್‌ಟಾಕ್‌ನ ತಾಯಿಕಂಪನಿ ತನ್ನ ಡೌಯಿನ್ ಆ್ಯಪನ್ನು 2021ರ ಸೆಪ್ಟೆಂಬರ್‌ನಿಂದ 14 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 40 ನಿಮಿಷಕ್ಕೆ ಇಳಿಸಿತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಪೂರ್ತಿ ಬಂದ್ ಮಾಡಿತು. ಅಲ್ಲಿಯ ಆಡಳಿತದ ರೀತಿ ನಮಗೆ ಮಾದರಿಯಲ್ಲ, ಆದರೆ ತಂತ್ರಜ್ಞಾನಕ್ಕೆ ಇದು ಸಾಧ್ಯ ಎಂಬುದಕ್ಕೆ ಸಾಕ್ಷಿ. ಪ್ರಜಾಪ್ರಭುತ್ವದ ಉದಾಹರಣೆ ಬೇಕಾದರೆ ಐರೋಪ್ಯ ಒಕ್ಕೂಟವನ್ನು ನೋಡಿ. ವಿಡಿಯೊ ನೋಡಿದ್ದಕ್ಕೆ ಅಂಕ ಕೊಡುವ ಟಿಕ್‌ಟಾಕ್ ಲೈಟ್‌ನ ಬಹುಮಾನ ಯೋಜನೆಯ ಮೇಲೆ ಅಲ್ಲಿ ವಿಚಾರಣೆ ಶುರುವಾದದ್ದೇ, 2024ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಒಕ್ಕೂಟದಿಂದ ಶಾಶ್ವತವಾಗಿ ಹಿಂದೆಗೆಯಿತು. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಷೇಧಿಸುವ ಕಾನೂನು ಮಾಡಿತು. ಈ ಕೊನೆಯದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ವಯಸ್ಸಿನ ಗೋಡೆ ಕಟ್ಟಿದರೆ ಮಕ್ಕಳಿಗೆ ಮಾತ್ರ ಬುದ್ಧಿ ಬಲಿತಿಲ್ಲ, ದೊಡ್ಡವರಿಗೆ ಬಲಿತಿದೆ ಎಂಬ ಹಳೆಯ ನಂಬಿಕೆಯೇ ಉಳಿಯುತ್ತದೆ. ಅಮ್ಮನ ಕರೆ ಕೇಳಿಸದೆ ಕುಳಿತಿದ್ದ ನನಗೆ ಐವತ್ತೆರಡು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಾಗಿರುವಾಗ ಊರಿನ ಸಭೆಗಳಲ್ಲಿ ನಾವಿನ್ನೂ ಇದನ್ನು ನಡತೆಯ ದೋಷ ಎಂದು ಮಾತನಾಡುತ್ತಿದ್ದೇವೆ. ಬೈಸಿಕೊಂಡ ಹುಡುಗ ಇನ್ನಷ್ಟು ಕುಗ್ಗಿ, ಆ ಕುಗ್ಗನ್ನು ಮರೆಯಲು ಮತ್ತೆ ಫೋನ್ ಹಿಡಿಯುತ್ತಾನೆ. ಬೈಗುಳದಿಂದ ಬಿಟ್ಟವನನ್ನು ನಾನು ನೋಡಿಲ್ಲ.

ಬಿಟ್ಟವರ ಬಗ್ಗೆ ಓದಿದ್ದೇನೆ, ಅವರದು ಇನ್ನೊಂದು ದಾರಿ. ನಮ್ಮ ಬೆಳಗಾವಿ, ವಿಜಯಪುರಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. 2022ರಲ್ಲಿ ಅಲ್ಲಿಯ ಜನ ಕೂಡಿ ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಲ್ಲ ಮನೆಗಳಲ್ಲೂ ಟಿವಿ, ಫೋನ್ ಬಂದ್. ಎಂಟೂವರೆಗೆ ಇನ್ನೊಂದು ಸೈರನ್. ನಡುವಿನ ಒಂದೂವರೆ ಗಂಟೆ ಮಕ್ಕಳ ಓದು, ಮನೆಯವರ ಮಾತು. ಇದರ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಕೇಳಿ ಬಡಿಯುವ ಸದ್ದು ಮತ್ತು ಮಂಗಳ. ಒಂದು ಶುರು, ಒಂದು ಕೊನೆ, ಎರಡೂ ಊರಿಗೆಲ್ಲ ಕೇಳುವಂತೆ. ಪಕ್ಕದ ಮನೆಯಲ್ಲೂ ಬಂದ್ ಆಗಿದೆ ಎಂದು ಗೊತ್ತಿರುವಾಗ ನನ್ನ ಮನೆಯಲ್ಲಿ ಬಂದ್ ಮಾಡಲು ದೊಡ್ಡ ಮನೋಬಲವೇನೂ ಬೇಕಾಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಚಾವಡಿಯ ಗೋಡೆಗೂಡಿಗೆ ಹೋಗುತ್ತದೆ. ಆರಂಭದಲ್ಲಿ ಮಗ ಗೊಣಗಿದ, ನಾನೂ ಮೂರು ದಿನ ಮಲಗಿದಲ್ಲೇ ಕೈ ತಡಕಾಡಿದೆ. ಮನೆಯೊಂದು ಮಾಡಿದರೆ ಇಷ್ಟಾಗುತ್ತದೆ. ಇದಕ್ಕಿಂತ ಹೆಚ್ಚಿನದು ಊರು ಮತ್ತು ಸರ್ಕಾರ ಮಾಡಬೇಕಾದ ಕೆಲಸ. ಆಟೋಪ್ಲೇ ಯಾವ ವಯಸ್ಸಿನವರಿಗೂ ತಾನಾಗಿ ಹತ್ತಿರಬಾರದು, ತಳವಿಲ್ಲದ ಪುಟಕ್ಕೆ ತಳ ಇರಬೇಕು, ರಾತ್ರಿಯ ಹೊತ್ತಿಗೆ ಶಿಫಾರಸು ನಿಲ್ಲಬೇಕು, ದಿನದ ಡೇಟಾ ಉಳಿದರೆ ನಾಳೆಗೆ ಸೇರಬೇಕು. ಇವನ್ನು ಕಾನೂನಿನಲ್ಲಿ ಬರೆಯಿರಿ ಎಂದು ನಮ್ಮ ಶಾಸಕರನ್ನೂ ಸಂಸದರನ್ನೂ ಕೇಳುವ ಹಕ್ಕು ನಮಗಿದೆ. ಮುಂದಿನ ಸಲ ವೇದಿಕೆಯ ಮೇಲೆ ಯಾರಾದರೂ ಮಕ್ಕಳಿಗೆ ಸಂಯಮದ ಉಪದೇಶ ಮಾಡಿದರೆ ಎದ್ದು ನಿಂತು ಕೇಳಿ, ಕಂಪನಿಗಳಿಗೆ ಏನು ಹೇಳುತ್ತೀರಿ ಎಂದು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ವಡಗಾಂವ್‌ನ ಸೈರನ್ನಿನ ಮಾತನ್ನು ಎತ್ತಿ. ನಮ್ಮೂರಿನ ಗ್ರಾಮಸಭೆಯಲ್ಲಿ ನಾನು ಎತ್ತುತ್ತಿದ್ದೇನೆ, ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ.